ಮೂಕಪಟವು ಕನ್ನಡದ್ದಲ್ಲವೆ?

ಕನ್ನಡ ಚಿತ್ರಪಟವು ಹುಟ್ಟಿದ್ದು ಯಾವಾಗ ಎಂದು ಕೇಳಿದರೆ 1934ನೆಯ ಇಸವಿಯ ಮಾರ್ಚ 3ನೆಯ ತಾರೀಖು ಎಂಬ ಉತ್ತರವು ಈಗ ಎಲ್ಲರ ನಾಲಗೆಯ ತುದಿಯಲ್ಲಿರುವದು. ಅಂದು ಬೆಂಗಳೂರಿನಲ್ಲಿ ‘ಸತಿ ಸುಲೋಚನ’ ಎಂಬ ಬೋಲಪಟವು ಮೊದಲನೆಯ ಸಲ ತೆರೆಯ ಮೇಲೆ ಕಾಣಿಸಿಕೊಂಡಿತು. ಇದೇ ಲೆಕ್ಕವನ್ನು ಹಿಡಿದು 2009ರಲ್ಲಿ ಕನ್ನಡ ಚಿತ್ರರಂಗದ ಅಮೃತ ಮಹೋತ್ಸವವು ನಡೆಯಿತು. ಮಾರ್ಚ ತಿಂಗಳು ಬಂದಿತೆಂದರೆ ಇದೇ ಲೆಕ್ಕದ ಮೇಲೆ ಹಾರ ತುರಾಯಿಗಳೂ ಭಾಷಣಗಳೂ ನಡೆಯುತ್ತಿರುವವು. ಹಬ್ಬ ಮಾಡುವವರ ಉತ್ಸಾಹಕ್ಕೆ ನಾವು ಅಡ್ಡಬರತಕ್ಕವರಲ್ಲ. ಆದರೆ ಈ ಲೆಕ್ಕದ ಬೆನ್ನಿಗೆ ಒಂದು ತತ್ವವು ಸದ್ದಿಲ್ಲದೆ ಒಳಗೆ ಬಂದು ಕುಳಿತಿರುವದು. ಮಾತಾಡದ ಪಟವು ಯಾವ ಭಾಷೆಯದೂ ಅಲ್ಲ. ಆದುದರಿಂದ ಕನ್ನಡದ್ದೂ ಅಲ್ಲ. ಆದುದರಿಂದ ಕನ್ನಡಿಗರು ಅದರ ಗೊಡವೆಗೆ ಹೋಗಬೇಕಾಗಿಲ್ಲ ಎಂಬದೇ ಆ ತತ್ವ. ಹೀಗೆ ಬಾಯಿ ಬಿಟ್ಟು ಹೇಳುವವರು ಕೆಲವರು. ಹೇಳದೆಯೇ ಹಾಗೆ ನಡೆದುಕೊಳ್ಳುವವರು ಬಹಳ ಜನ. ಕೂಸಿನ ವಯಸ್ಸನ್ನು ಅದು ‘ಅವ್ವಾ’ ಎಂದು ಕರೆದ ದಿನದಿಂದ ಎಣಿಸುವ ತಾಯಿಯನ್ನು ನಾವಂತೂ ನಮ್ಮ ಸೀಮೆಯಲ್ಲಿ ಕಂಡಿಲ್ಲ.

ಸಾಹಿತ್ಯದ ಮಾಸಪತ್ರಿಕೆಯಲ್ಲಿ ಸಿನೆಮಾದ ಮಾತೇಕೆಂದು ಮೂಗು ಮುರಿಯುವ ಹಿರಿಯರೂ ನಮ್ಮ ವಾಚಕರಲ್ಲಿ ಇರಬಹುದು. ಅವರಿಗೆ ಒಂದೇ ಹೆಸರನ್ನು ನೆನಪಿಗೆ ತಂದುಕೊಡುವೆವು. 1931ರಲ್ಲಿ ಮೋಹನ ಭವನಾನಿ ಎಂಬವರು ಶೂದ್ರಕನ ‘ಮೃಚ್ಛಕಟಿಕ’ ನಾಟಕವನ್ನು ‘ವಸಂತಸೇನಾ’ ಎಂಬ ಹೆಸರಿನಿಂದ ಮೂಕಪಟವಾಗಿ ತೆಗೆದರು. ಅದರಲ್ಲಿ ಏಣಾಕ್ಷಿ ರಾಮರಾವ್ ಅವರೊಡನೆ ಮಂಗಳೂರಿನ ಮಗಳಾದ ಕಮಲಾದೇವಿ ಚಟ್ಟೋಪಾಧ್ಯಾಯರೂ, ಕನ್ನಡದ ಪ್ರಹಸನಪಿತಾಮಹರೆನಿಸಿದ ಟಿ. ಪಿ. ಕೈಲಾಸಂ ಅವರೂ ಪಾತ್ರ ವಹಿಸಿದರು. ಕೈಲಾಸಂ ಅವರ ನಾಲಗೆಯ ಹರಿತವನ್ನು ಬಲ್ಲವರಿಗೆ ಅವರನ್ನು ಮಾತಿಲ್ಲದ ಪಟದಲ್ಲಿ ಊಹಿಸಿಕೊಳ್ಳುವದೇ ಒಂದು ವಿನೋದವಾದೀತು! ಅದಿರಲಿ. ಸಂಸ್ಕೃತದ ಹಿರಿಯ ನಾಟಕವೊಂದು, ಅದನ್ನು ಆಡಲು ಕನ್ನಡದ ಹಿರಿಯ ನಾಟಕಕಾರನೊಬ್ಬನು. ಇವೆರಡೂ ಕೂಡಿದ ವಸ್ತುವು ಸಾಹಿತ್ಯ ಸಂಘದ ಹೊಸ್ತಿಲು ತುಳಿಯಬಾರದೆಂದರೆ ಮತ್ತಾವದು ತುಳಿಯಬೇಕು?

ಮೊದಲು ಕಾಲದ ಸಂಗತಿಯನ್ನು ಚುಟುಕಾಗಿ ಹೇಳಿಬಿಡುವೆವು. ಪ್ಯಾರಿಸ್ ಪಟ್ಟಣದಲ್ಲಿ ಲೂಮಿಯೇರ ಸಹೋದರರು 1895ರ ಡಿಸೆಂಬರ 28ಕ್ಕೆ ಟಿಕೀಟು ತಕ್ಕೊಂಡು ಚಲಿಸುವ ಚಿತ್ರಗಳನ್ನು ತೋರಿಸಿದರು. ಇನ್ನೂ ಏಳು ತಿಂಗಳು ತುಂಬುವ ಮೊದಲೇ, 1896ರ ಜುಲೈ 7ಕ್ಕೆ, ಅದೇ ಆಟವು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ನಡೆಯಿತು. ನಾಸಿಕದ ಹತ್ತಿರದ ತ್ರ್ಯಂಬಕದಲ್ಲಿ ಹುಟ್ಟಿದ ದಾದಾಸಾಹೇಬ ಫಾಳಕೆಯವರು ‘ರಾಜಾ ಹರಿಶ್ಚಂದ್ರ’ ಪಟವನ್ನು 1913ರ ಮೇ 3ಕ್ಕೆ ಮುಂಬಯಿಯ ಕಾರೋನೇಷನ್ ಥಿಯೇಟರಿನಲ್ಲಿ ಜನರ ಮುಂದಿಟ್ಟರು. ತಾರಾಮತಿಯ ಪಾತ್ರಕ್ಕೆ ಹೆಂಗಸರು ಸಿಕ್ಕದ್ದರಿಂದ ಸಾಳುಂಕೆ ಎಂಬ ಖಾನಾವಳಿಯ ಅಡಿಗೆಯವನೇ ಸೀರೆ ಉಟ್ಟು ನಿಂತನು. 1931ರ ಮಾರ್ಚ 14ಕ್ಕೆ ಅರ್ದೇಶೀರ ಇರಾಣಿಯವರ ‘ಆಲಂ ಆರಾ’ ಮಾತಾಡಿದಂದಿನಿಂದ ಮೂಕಪಟದ ಇಳಿಗಾಲವು ಬಂದಿತು. ಮೂರು ನಾಲ್ಕು ವರುಷಗಳಲ್ಲಿ ಅದು ಮುಗಿದೇ ಹೋಯಿತು. ಈ ಇಪ್ಪತ್ತು ಚಿಲ್ಲರೆ ವರುಷಗಳಲ್ಲಿ ನಮ್ಮ ದೇಶದಲ್ಲಿ ತಯಾರಾದ ಮೂಕಪಟಗಳು ಸುಮಾರು 1,300.

ಇವುಗಳಲ್ಲಿ ಕರ್ನಾಟಕದ ಪಾಲು ಇಲ್ಲವೇ ಇಲ್ಲವೆಂದು ಯಾರೂ ತಿಳಿಯತಕ್ಕದ್ದಲ್ಲ. 1929ರ ಸುಮಾರಿಗೆ ಹರಿಭಾಯಿ ದೇಸಾಯಿಯವರು ಬೆಂಗಳೂರಿನಲ್ಲಿ ಸೂರ್ಯ ಫಿಲ್ಮ್ ಕಂಪನಿಯನ್ನು ನಡೆಯಿಸಿ, ಕೆಲವೇ ವರುಷಗಳಲ್ಲಿ ಹತ್ತಾರು ಮೂಕಪಟಗಳನ್ನು ಹೊರಡಿಸಿದರು. ನಾಟಕರತ್ನ ಗುಬ್ಬಿ ವೀರಣ್ಣನವರು ಬೋಲಪಟದ ಕಾಲಕ್ಕಾಗಿ ಕಾಯಲಿಲ್ಲ. ‘ಹಿಸ್ ಲವ್ ಅಫೇರ್’, ‘ಹರಿಮಾಯಾ’ ಮೊದಲಾದ ಮೂಕಪಟಗಳಿಗೆ ತಮ್ಮ ಗಂಟಿನಿಂದ ಹಣ ಸುರಿದರು. ಸಾವಿರಾರು ಜನರನ್ನು ಮಾತಿನಿಂದಲೂ ಹಾಡಿನಿಂದಲೂ ನಗಿಸಿ ಅಳಿಸಿದ ಆ ಮಹಾನಟನು ಮಾತೂ ಹಾಡೂ ಇಲ್ಲದ ಕಲೆಯಲ್ಲಿ ಏನನ್ನು ಕಂಡು ಕೈಹಾಕಿದನೆಂಬ ಪ್ರಶ್ನೆಯು ನಮ್ಮ ಚರಿತ್ರಕಾರರನ್ನು ಕಾಡಬೇಕಾಗಿದ್ದಿತು. ಕಾಡಲಿಲ್ಲ. ಅವರು ಆ ಪುಟವನ್ನು ಹೆಬ್ಬೆರಳಿನಿಂದ ಮಗುಚಿ 1934ಕ್ಕೆ ಬಂದುಬಿಡುವರು.

ಹಾಗಾದರೆ 1934ರ ಆ ಪಟವನ್ನೇ ಸ್ವಲ್ಪ ಬಿಚ್ಚಿ ನೋಡೋಣ. ‘ಸತಿ ಸುಲೋಚನ’ಕ್ಕೆ ಬಂಡವಾಳ ಹಾಕಿದವರು ಚಮನಲಾಲ ಡೂಂಗಾಜಿ ಎಂಬ ವ್ಯಾಪಾರಸ್ಥರು. ನಿರ್ದೇಶಕರು ನೆಲ್ಲೂರಿನ ವೈ. ವಿ. ರಾವ್. ಪಟವನ್ನು ತೆಗೆದದ್ದು ಕೊಲ್ಲಾಪುರದ ಛತ್ರಪತಿ ಸಿನೆಟೋನದಲ್ಲಿ. ಕನ್ನಡದ ಪಾಲೆಂದರೆ ಬೆಳ್ಳಾವೆ ನರಹರಿ ಶಾಸ್ತ್ರಿಗಳ ಬರವಣಿಗೆ ಮತ್ತು ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯ, ತ್ರಿಪುರಾಂಬ ಮೊದಲಾದ ರಂಗಭೂಮಿಯ ನಟವರ್ಗ. ಇದರಿಂದ ಆ ಪಟವು ಕನ್ನಡದ್ದಲ್ಲವೆಂದು ನಾವು ಹೇಳುತ್ತಿಲ್ಲ. ಅದು ಅಚ್ಚ ಕನ್ನಡದ್ದೇ ಸರಿ. ಆದರೆ ನೋಡಿರಿ, ಅದೇ ವೈ. ವಿ. ರಾಯರು ಎರಡು ವರುಷ ಮುಂಚೆ, 1932ರಲ್ಲಿ, ಗುಬ್ಬಿ ವೀರಣ್ಣನವರಿಗಾಗಿ ‘ಹರಿಮಾಯಾ’ ಮೂಕಪಟವನ್ನು ನಿರ್ದೇಶಿಸಿದವರು. ಅಂದರೆ ಕನ್ನಡಿಗನ ಹಣದಿಂದ, ಕನ್ನಡದ ನಟನ ಮನೆಯಿಂದ, ಒಬ್ಬ ನಿರ್ದೇಶಕನು ತೆಗೆದ ಪಟವು ಪರಕೀಯ. ಅವನೇ ಪರವೂರಿಗೆ ಹೋಗಿ ಬೇರೆಯವರ ಹಣದಿಂದ ತೆಗೆದ ಪಟವು ಸ್ವಕೀಯ! ಎರಡರ ನಡುವೆ ಇರುವ ಭೇದವು ಒಂದು ಧ್ವನಿಯಂತ್ರದ್ದು. ಯಂತ್ರವು ಬಂದು ಜಾತಿಯನ್ನು ಗೊತ್ತುಪಡಿಸಿತೆಂಬ ಈ ನ್ಯಾಯವನ್ನು ಯಾವ ತರ್ಕಶಾಸ್ತ್ರದಲ್ಲಿ ಓದಿದರೋ ತಿಳಿಯದು. ಅಷ್ಟೇ ಅಲ್ಲ, ‘ಭಕ್ತ ಧ್ರುವ’ ಎಂಬ ಬೋಲಪಟದ ತಯಾರಿಕೆಯು ಮುಂಚೆ ನಡೆದು ಪ್ರದರ್ಶನವು ಹಿಂದೆ ಬಿದ್ದದ್ದರಿಂದ ಸುಲೋಚನೆಗೆ ಅಗ್ರಪೂಜೆ ಸಂದಿತು. ಮೊದಲಿಗತನವೆಂಬದು ಇಷ್ಟು ಸಡಿಲವಾದ ಗಂಟು.

ಕೊಲ್ಲಾಪುರದ ಹೆಸರು ಬಂದಿತಷ್ಟೆ. ಬೆಂಗಳೂರಿನಲ್ಲಿ ಕುಳಿತು ಬರೆಯುವ ಚರಿತ್ರಕಾರರು ಇಲ್ಲಿ ಇನ್ನೊಂದು ಅನ್ಯಾಯವನ್ನು ಮಾಡಿರುವರು. ಅದು ನಮ್ಮ ಭಾಗದ ಅನ್ಯಾಯವಾದ್ದರಿಂದ ನಾವೇ ಹೇಳಬೇಕಾಗಿದೆ. ಆ ಕಾಲಕ್ಕೆ ಬಾಗಲಕೋಟೆ, ಬಾದಾಮಿ, ಹುನಗುಂದ ತಾಲೂಕುಗಳು ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಗೆ ಸೇರಿದ್ದವು. ನಮಗೆ ಬೆಂಗಳೂರಿನ ದಾರಿಗಿಂತ ಸೊಲ್ಲಾಪುರ ಕೊಲ್ಲಾಪುರಗಳ ದಾರಿಯು ಹೆಚ್ಚು ಬಳಕೆಯದಾಗಿದ್ದಿತು. ಹೊಟಗಿಯಿಂದ ವಿಜಾಪುರ, ಬಾಗಲಕೋಟೆ, ಬಾದಾಮಿಗಳ ಮೇಲೆ ಗದಗಕ್ಕೆ ಹೋಗುವ ಸಣ್ಣ ಗೇಜಿನ ರೇಲ್ವೆಯು 1884ರಲ್ಲಿಯೇ ತೆರೆದಿದ್ದಿತು. ಮುಂಬಯಿಯ ಮಾಲು ಹೊಟಗಿಯಲ್ಲಿ ಗಾಡಿ ಬದಲಿಸಿ ನಮ್ಮ ಸ್ಟೇಶನ್ನುಗಳಲ್ಲಿ ಇಳಿಯುವದು. ಕೊಲ್ಲಾಪುರದ ಪಂಚಗಂಗೆಯ ನೀರು ಕೃಷ್ಣೆಯನ್ನು ಕೂಡಿ ನಮ್ಮ ಆಲಮಟ್ಟಿಗೆ ಹರಿದು ಬರುವಂತೆಯೇ ಅಲ್ಲಿಯ ನಾಟಕ, ಸಂಗೀತ, ಚಿತ್ರಕಲೆಗಳೂ ನಮ್ಮ ಕಡೆಗೆ ಹರಿದು ಬರುತ್ತಿದ್ದವು.

ಅಂಥ ಕೊಲ್ಲಾಪುರದಲ್ಲಿ ಬಾಬೂರಾವ ಪೇಂಟರ ಎಂಬ ಪ್ರತಿಭಾವಂತರು, ನಾಟಕದ ಪರದೆಗಳಿಗೆ ಬಣ್ಣ ಹಚ್ಚುವ ಕೈಯಿಂದಲೇ, ಸಂಗಡಿಗರನ್ನು ಕೂಡಿಕೊಂಡು ಚಿತ್ರ ತೆಗೆಯುವ ಕ್ಯಾಮೆರಾ ಯಂತ್ರವನ್ನು ತಯಾರಿಸಿದರು. ಪರದೇಶದಿಂದ ಯಂತ್ರ ತರಿಸುವದು ದುಸ್ತರವಾಗಿದ್ದ ಮಹಾಯುದ್ಧದ ಕಾಲವದು. ಅವರ ಮಹಾರಾಷ್ಟ್ರ ಫಿಲ್ಮ್ ಕಂಪನಿಯ ‘ಸೈರಂಧ್ರಿ’ಯು 1920ರಲ್ಲಿ ಹೊರಬಿದ್ದಿತು; ಅದರಲ್ಲಿ ಹೆಂಗಸರೇ ಹೆಂಗಸರ ಪಾತ್ರ ವಹಿಸಿದರು. 1925ರಲ್ಲಿ ಅವರು ‘ಸಾವಕಾರೀ ಪಾಶ’ ಎಂಬ ಪಟದಲ್ಲಿ ದೇವದೇವತೆಗಳನ್ನು ಬದಿಗಿರಿಸಿ, ಸಾಲಗಾರನ ಕೈಗೆ ಸಿಕ್ಕು ಹೊಲಮನೆ ಕಳಕೊಂಡ ರೈತನ ಕಥೆಯನ್ನು ತೋರಿಸಿದರು. ಬರಗಾಲವನ್ನೂ ಬಡ್ಡಿಯನ್ನೂ ಒಂದೇ ಉಸುರಿನಲ್ಲಿ ನೆನೆಯುವ ನಮ್ಮ ಎರೆಯ ಸೀಮೆಯ ಒಕ್ಕಲಿಗನಿಗೆ ಆ ಕಥೆ ತಿಳಿಯಲು ಮಾತು ಬೇಕಾಗಿತ್ತೆ?

ಆ ರೈತನ ಪಾತ್ರ ವಹಿಸಿದ ತರುಣನು ಮುಂದೆ ಲೋಕಪ್ರಸಿದ್ಧನಾದ ವ್ಹಿ. ಶಾಂತಾರಾಮ. ಈ ಮನುಷ್ಯನು ಸಿನೆಮಾದ ಓನಾಮವನ್ನು ಎಲ್ಲಿ ಕಲಿತನೆಂಬದನ್ನು ನಮ್ಮವರು ಮರೆತಿರುವರು. ಹುಬ್ಬಳ್ಳಿಯಲ್ಲಿ! ಅವನು ಹುಡುಗನಾಗಿದ್ದಾಗ ಹುಬ್ಬಳ್ಳಿಯ ರೇಲ್ವೆ ಕಾರಖಾನೆಯಲ್ಲಿ ದುಡಿದು, ಅಲ್ಲಿಯ ಡೆಕ್ಕನ್ ಸಿನೆಮಾ ಎಂಬ ತಗಡಿನ ಛಾವಣಿಯ ಆಟದ ಮನೆಯಲ್ಲಿ ಬಾಗಿಲು ಕಾಯುವದು, ಹಲಗೆಗೆ ಬಣ್ಣ ಬರೆಯುವದು ಮೊದಲಾದ ಚಾಕರಿ ಮಾಡಿದನು. ಫಾಳಕೆಯವರ ಪಟಗಳನ್ನು ಅಲ್ಲಿಯೇ ಕಣ್ತುಂಬ ನೋಡಿದನು. ಅಲ್ಲಿಂದ ಹೋದವನು 1920ರಲ್ಲಿ ಬಾಬೂರಾವ ಪೇಂಟರರ ಕಂಪನಿಯನ್ನು ಸೇರಿದನು. 1929ರಲ್ಲಿ ಸಂಗಡಿಗರೊಡನೆ ಪ್ರಭಾತ ಕಂಪನಿಯನ್ನು ಕಟ್ಟಿದನು. ಮರಾಠಿ ಚಿತ್ರಪಟದ ಚರಿತ್ರೆಯಲ್ಲಿ ಹುಬ್ಬಳ್ಳಿಗೆ ಒಂದು ಸಾಲಾದರೂ ಇದೆ. ಕನ್ನಡ ಚಿತ್ರಪಟದ ಚರಿತ್ರೆಯಲ್ಲಿ ಆ ತಗಡಿನ ಮನೆಗೆ ಎಷ್ಟು ಸಾಲುಗಳಿವೆಯೆಂದು ವಾಚಕರೇ ಹುಡುಕಿ ನೋಡಲಿ. ಅಲ್ಲಿ ನೆಲದ ಮೇಲೆ ಕುಳಿತು ಆಣೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು ನೋಡಿದ ಜನರು ಯಾರು? ಕನ್ನಡಿಗರಲ್ಲವೆ? ಕೊಲ್ಲಾಪುರದವರ ಪಟವನ್ನು ನಾವು ಕಸಿದುಕೊಳ್ಳಬೇಕಾಗಿಲ್ಲ. ಆ ಪಟವು ಅವರದು. ಅದನ್ನು ನೋಡಿದ ಕಣ್ಣು ಮಾತ್ರ ನಮ್ಮದು. ಆ ಕಣ್ಣಿನ ಚರಿತ್ರೆಯನ್ನು ನಾವು ಬರೆಯದಿದ್ದರೆ ಕೊಲ್ಲಾಪುರದವರು ಬಂದು ಬರೆಯಲಾರರು.

ಇನ್ನು ‘ಮೂಕ’ ಎಂಬ ವಿಶೇಷಣದ ಸಂಗತಿ. ಪಟವು ಮೂಕವಾಗಿದ್ದಿತೇ ಹೊರತು ಆಟವು ಎಂದೂ ಮೂಕವಾಗಿರಲಿಲ್ಲ. ತೆರೆಯ ಬದಿಗೆ ಪೇಟಿಯವನೂ ತಬಲೆಯವನೂ ಕುಳಿತಿರುವರು. ಯುದ್ಧ ಬಂದರೆ ಒಂದು ಗತ್ತು, ಶೋಕ ಬಂದರೆ ಇನ್ನೊಂದು ರಾಗ. ನಡುನಡುವೆ ತೆರೆಯ ಮೇಲೆ ಬರಹದ ಪಟ್ಟಿಗಳು ಬರುವವು. ಮುಂಬಯಿ ಇಲಾಖೆಯಲ್ಲಿ ಓಡಾಡಿದ ಪಟಗಳಲ್ಲಿ ಈ ಬರಹವು ಸಾಮಾನ್ಯವಾಗಿ ಇಂಗ್ಲಿಷು, ಹಿಂದಿ, ಗುಜರಾತಿ, ಉರ್ದುಗಳಲ್ಲಿ ಇರುತ್ತಿದ್ದಿತು, ಮರಾಠಿಯೂ ಉಂಟು. ಕನ್ನಡಕ್ಕೆ ಆ ಪಟ್ಟಿಗಳಲ್ಲಿ ಎಡೆ ಸಿಕ್ಕುವದು ಅಪೂರ್ವ. ಆಗಿನ ಹಿಂದುಸ್ಥಾನದಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಹತ್ತು ಜನರೂ ಇರಲಿಲ್ಲ. ಅದರಲ್ಲಿ ಈ ಪರಲಿಪಿಗಳನ್ನು ಓದಬಲ್ಲವರೆಷ್ಟು? ಆದುದರಿಂದಲೇ ಬರಹವನ್ನು ಗಟ್ಟಿಯಾಗಿ ಓದಿ, ಕಥೆಯನ್ನು ಬಿಡಿಸಿ ಹೇಳುವ ಒಬ್ಬ ಮನುಷ್ಯನನ್ನು ಆಟದವರು ಸಂಬಳ ಕೊಟ್ಟು ಇಟ್ಟುಕೊಳ್ಳುವ ಪದ್ಧತಿಯು ದೇಶದಲ್ಲೆಲ್ಲ ಹಬ್ಬಿದ್ದಿತು. ಜಪಾನಿನಲ್ಲಂತೂ ಇಂಥವರಿಗೆ ‘ಬೆನ್ಶಿ’ ಎಂದು ಹೆಸರು. ನಟರಿಗಿಂತ ಅವರ ಹೆಸರನ್ನೇ ಜಾಹೀರಾತಿನಲ್ಲಿ ದೊಡ್ಡದಾಗಿ ಬರೆಯಿಸುತ್ತಿದ್ದರು. ಹಾಗಾದರೆ ಹುಬ್ಬಳ್ಳಿ ಬಾಗಲಕೋಟೆಗಳ ಕಡೆಗೆ, ಇಳಕಲ್ಲಿನ ನೇಕಾರನಿಗೂ ಹುನಗುಂದದ ಒಕ್ಕಲಿಗನಿಗೂ ಆ ಮನುಷ್ಯನು ಯಾವ ಭಾಷೆಯಲ್ಲಿ ಕಥೆ ಹೇಳಿದ್ದಾನು? ಗುಜರಾತಿಯಲ್ಲಿಯೇ? 1934ರ ಬಹಳ ಮೊದಲೇ ತೆರೆಯ ಮುಂದೆ ಕನ್ನಡವು ಮಾತಾಡಿತು. ಅದು ಯಂತ್ರದಿಂದ ಬಾರದೆ ಮನುಷ್ಯನ ಗಂಟಲಿನಿಂದ ಬಂದಿತೆಂಬುದೇ ಅದರ ಅಪರಾಧ.

ಮೂಕಪಟವೆಂದರೆ ಗಡಿಬಿಡಿಯಿಂದ ಕುಣಿದಾಡುವ ಬೊಂಬೆಗಳೆಂದು ನಗುವ ತರುಣರಿಗೂ ಒಂದು ಮಾತು. ಆ ಕುಣಿತವು ಪಟದ ದೋಷವಲ್ಲ, ನಿಮ್ಮ ಯಂತ್ರದ್ದು. ಆಗಿನವರು ಹಿಡಿಕೆಯನ್ನು ಕೈಯಿಂದ ತಿರುವಿ ಸೆಕೆಂಡಿಗೆ ಸುಮಾರು 16 ಚಿತ್ರಗಳಂತೆ ತೆಗೆಯುವರು. ತೋರಿಸುವಾಗಲೂ ಹೆಚ್ಚು ಕಡಿಮೆ ಅದೇ ವೇಗ. ಬೋಲಪಟವು ಬಂದ ಮೇಲೆ ಧ್ವನಿಯ ಸಲುವಾಗಿ ಸೆಕೆಂಡಿಗೆ 24 ಚಿತ್ರಗಳೆಂದು ಗೊತ್ತುಮಾಡಿದರು. ಒಂದು ಅಡಿ ಫಿಲ್ಮಿನಲ್ಲಿ 16 ಚಿತ್ರಗಳಿರುವವು; ಆದುದರಿಂದ ಸಾವಿರ ಅಡಿಯ ರೀಲು ಹಳೆಯ ವೇಗದಲ್ಲಿ ಹದಿನಾರು ನಿಮಿಷಕ್ಕೂ ಮಿಕ್ಕಿ ನಡೆಯುವದು, ಹೊಸ ಯಂತ್ರದಲ್ಲಿ ಹನ್ನೊಂದೇ ನಿಮಿಷಕ್ಕೆ ಮುಗಿದುಹೋಗುವದು. ವಿಲಂಬಿತದ ಖ್ಯಾಲನ್ನು ದ್ರುತದಲ್ಲಿ ಒದರಿಸಿ, ಗವಯಿಯು ಹುಚ್ಚನೆಂದು ನಗುವವನಿಗೆ ಏನೆನ್ನಬೇಕು? ಹಿಡಿಕೆ ತಿರುವುವ ಕೈಗೂ ಒಂದು ಲಯಜ್ಞಾನ ಬೇಕಾಗಿದ್ದಿತು. ಶೋಕದಲ್ಲಿ ನಿಧಾನ, ಬೆನ್ನಟ್ಟುವಲ್ಲಿ ಚುರುಕು ಎಂಬ ಔಚಿತ್ಯವು ಯಂತ್ರ ನಡೆಯಿಸುವವನ ಮನೋಧರ್ಮಕ್ಕೆ ಬಿಟ್ಟ ಸಂಗತಿಯಾಗಿದ್ದಿತು.

ಭಾಷೆಯಿಲ್ಲದ ಕಲೆಗೆ ನಾಡಿಲ್ಲವೆಂಬ ಮೂಲ ಪೂರ್ವಪಕ್ಷಕ್ಕೆ ಉತ್ತರವನ್ನು ನಾವು ದೂರ ಹುಡುಕಬೇಕಾಗಿಲ್ಲ. ಶಿರೂರಿನವರಾದ ನಮಗೆ ಅದು ಕಾಲ್ನಡಿಗೆಯ ಪಯಣ. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿರುವದು. ಅದರಲ್ಲಿ ಕನ್ನಡದ ತ್ರಿಪದಿಯಿರುವದು. ಅದು ಕನ್ನಡದ್ದೆಂದು ಎಲ್ಲರೂ ಎದೆ ತಟ್ಟಿಕೊಳ್ಳುವರು, ಯೋಗ್ಯವೇ. ಅದೇ ಊರಿನ ಮೊದಲನೆಯ ಗುಹೆಯಲ್ಲಿ ಹದಿನೆಂಟು ಕೈಗಳ ನಟರಾಜನು ನಿಂತಿರುವನು. ಅವನು ಯಾವ ಭಾಷೆಯಲ್ಲಿ ಕುಣಿಯುತ್ತಿರುವನು? ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಕಂಬಗಳ ಮೇಲೆ ರಾಮಾಯಣ ಭಾರತಗಳ ಸಂದರ್ಭಗಳನ್ನು ಒಂದರ ಬದಿಗೊಂದು ಕೊರೆದು ನಿಲ್ಲಿಸಿರುವರು. ಕೆಳಗೆ ಮಾತಿನ ಪಟ್ಟಿಯಿಲ್ಲದೆಯೇ ನಮ್ಮ ಹಳ್ಳಿಯ ಮುದುಕಿಯು ಅವುಗಳನ್ನು ಓದಿ ಮೊಮ್ಮಗನಿಗೆ ಹೇಳುವಳು. ಮಾತಿಲ್ಲವೆಂಬ ಕಾರಣದಿಂದ ಈ ಶಿಲ್ಪವು ಕರ್ನಾಟಕದ್ದಲ್ಲವೆಂದು ಹೇಳುವ ಧೈರ್ಯವಿದ್ದವರು ಮುಂದೆ ಬರಲಿ. ಬರಲಾರರು. ಕಲ್ಲಿಗೆ ಒಂದು ನ್ಯಾಯ, ಫಿಲ್ಮಿಗೆ ಇನ್ನೊಂದು ನ್ಯಾಯವೆಂದಾದರೆ ಅದು ಪ್ರತಿಷ್ಠೆಯ ಪ್ರಶ್ನೆಯೇ ಹೊರತು ಭಾಷೆಯ ಪ್ರಶ್ನೆಯಲ್ಲ. ಕಲ್ಲು ಹಳತು, ಮರ್ಯಾದೆಯುಳ್ಳದ್ದು. ಸಿನೆಮಾ ಜಾತ್ರೆಯ ವಸ್ತು.

ಇಲ್ಲಿಯೇ ನಮ್ಮ ಪಕ್ಷದ ಅತ್ಯುತ್ಸಾಹಿಗಳಿಗೂ ಒಂದು ಎಚ್ಚರಿಕೆಯನ್ನು ಕೊಡಬೇಕಾಗಿದೆ. ಕಿಳ್ಳೇಕ್ಯಾತರ ತೊಗಲುಗೊಂಬೆಯಾಟದಲ್ಲಿ ಬಿಳಿಯ ಪರದೆ, ಹಿಂದೆ ದೀಪ, ನೆರಳು ಎಲ್ಲವೂ ಇರುವದರಿಂದ ಸಿನೆಮಾ ನಮ್ಮಲ್ಲಿಯೇ ಹುಟ್ಟಿತೆಂದು ಕೆಲವರು ಹೆಮ್ಮೆಪಡುವರು. ಇದು ಬರಿಯ ಬಡಾಯಿ. ತೊಗಲುಗೊಂಬೆಯು ತಾನೇ ಒಂದು ಹಿರಿಯ ಕಲೆ. ಅದಕ್ಕೆ ಸಿನೆಮಾದ ಅಜ್ಜನೆಂಬ ಬಿರುದು ಬೇಕಾಗಿಲ್ಲ. ನಡೆದ ಸಂಗತಿಯ ಬೆಳಕನ್ನೇ ರಸಾಯನದಲ್ಲಿ ಹಿಡಿದಿಡುವ ಯಂತ್ರವು ಪಶ್ಚಿಮದಿಂದ ಬಂದಿತು. ಬಂದದ್ದನ್ನು ಬಂದಿತೆಂದು ಒಪ್ಪಿಕೊಳ್ಳುವದರಲ್ಲಿ ಮಾನಹಾನಿಯೇನೂ ಇಲ್ಲ. ನಮ್ಮದಾದ ಇಪ್ಪತ್ತು ವರುಷಗಳನ್ನು ಬಿಟ್ಟುಕೊಟ್ಟು ನಮ್ಮದಲ್ಲದ ಸಾವಿರ ವರುಷಗಳಿಗೆ ಕೈಚಾಚುವದು ಎಂಥ ವ್ಯವಹಾರ!

ಮಾತು ಬಂದದ್ದರಿಂದ ಲಾಭವಾಗಲಿಲ್ಲವೆಂದೂ ನಾವು ವಾದಿಸುವದಿಲ್ಲ. ನಮ್ಮ ಜಿಲ್ಲೆಯ ಬೀಳಗಿಯಿಂದ ಹೊರಟ ಅಮೀರಬಾಯಿಗೂ ಅವರ ಅಕ್ಕ ಗೋಹರಬಾಯಿಗೂ ಮುಂಬಯಿಯಲ್ಲಿ ಹೆಸರು ತಂದುಕೊಟ್ಟದ್ದು ಕಂಠ. ಹಾಡಬಲ್ಲವರನ್ನು ಬೋಲಪಟದವರು ಹುಡುಕಿಕೊಂಡು ಹೋದರು. 1943ರ ‘ಕಿಸ್ಮತ್’ ಪಟದ ಹಾಡುಗಳಿಂದ ಅಮೀರಬಾಯಿ ಕರ್ನಾಟಕಿ ಎಂಬ ಹೆಸರು ದೇಶದ ಮನೆಮಾತಾಯಿತು; ಕರ್ನಾಟಕವೇ ಇನ್ನೂ ಒಂದುಗೂಡಿರದ ಕಾಲದಲ್ಲಿ ನಾಡಿನ ಹೆಸರನ್ನು ತನ್ನ ಹೆಸರಿಗೆ ಕಟ್ಟಿಕೊಂಡು ಮೆರೆಸಿದ ಹೆಣ್ಣುಮಗಳು ಆಕೆ. ಆದರೆ ಒಬ್ಬರಿಗೆ ತೆರೆದ ಬಾಗಿಲು ಇನ್ನೊಬ್ಬರಿಗೆ ಮುಚ್ಚಿತು. ಮೂಕಪಟದ ರಾಣಿಯೆನಿಸಿದ್ದ ಸುಲೋಚನಾ ಎಂಬ ರೂಬಿ ಮೈಯರ್ಸಳು ಹಿಂದುಸ್ಥಾನಿ ಭಾಷೆಯನ್ನು ಹೊಸದಾಗಿ ಕಲಿಯಬೇಕಾಯಿತು. ತೆರೆಯ ಬದಿಯ ಪೇಟಿಯವನೂ ತಬಲೆಯವನೂ ಕಥೆ ಹೇಳುವವನೂ ಸದ್ದಿಲ್ಲದೆ ಎದ್ದು ಹೋದರು. ಅವರು ಎಲ್ಲಿ ಹೋದರೆಂದು ಯಾರೂ ಕೇಳಲಿಲ್ಲ. ಪಟ್ಟದಕಲ್ಲಿನ ಗುಡಿಯನ್ನು ಕಟ್ಟಿದ ಸೂತ್ರಧಾರಿಗಳ ಹೆಸರುಗಳನ್ನು ಎಂಟನೆಯ ಶತಮಾನದ ಶಾಸನದಲ್ಲಿ ಇಂದಿಗೂ ಓದಬಹುದು. ನೂರು ವರುಷದ ಹಿಂದೆ ನಮ್ಮ ಸಂತೆಬೀದಿಯಲ್ಲಿ ಹಿಡಿಕೆ ತಿರುವಿದವನ ಹೆಸರು ಮಾತ್ರ ನಮ್ಮ ಪುಸ್ತಕಗಳಲ್ಲಿ ಇಲ್ಲ.

ಈ ಉದಾಸೀನಕ್ಕೆ ತೆತ್ತ ಬೆಲೆಯನ್ನು ಅಂಕಿಗಳಲ್ಲಿಯೇ ಹೇಳಬಹುದು. ಆ ಸುಮಾರು 1,300 ಮೂಕಪಟಗಳಲ್ಲಿ ಇಂದು ಉಳಿದಿರುವವು ಮೂವತ್ತರ ಆಸುಪಾಸು. ಅವುಗಳಲ್ಲಿಯೂ ಅನೇಕವು ತುಂಡು ತುಣುಕು. ‘ರಾಜಾ ಹರಿಶ್ಚಂದ್ರ’ದ ನಾಲ್ಕು ರೀಲುಗಳಲ್ಲಿ ಎರಡರಷ್ಟು ಮಾತ್ರ ದೊರೆತಿರುವದು, ಅದೂ ಮೂಲದ್ದಲ್ಲ, 1917ರಲ್ಲಿ ಮರಳಿ ತೆಗೆದದ್ದೆಂದು ಬಲ್ಲವರಲ್ಲಿ ಕೆಲವರ ಮತ. ಹಳೆಯ ಫಿಲ್ಮು ನೈಟ್ರೇಟಿನದು. ಸಿಡಿಮದ್ದಿನ ಹತ್ತಿರದ ನೆಂಟ. ಬೆಂಕಿಗೆ ಕೆಲವು ಸುಟ್ಟವು. ಸೆಕೆಗೆ ಅಂಟಂಟಾಗಿ ಕೆಲವು ಪುಡಿಯಾದವು. ಬೋಲಪಟ ಬಂದ ಮೇಲೆ ಕಾಸಿಗೆ ಬೇಡವಾದ ರೀಲುಗಳನ್ನು, ಅದರೊಳಗಿನ ಬೆಳ್ಳಿಯ ಆಸೆಗಾಗಿ, ಮಾಲಕರೇ ಮಾರಿ ತೊಳೆಯಿಸಿದರು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ಸ್ಥಾಪನೆಯಾದದ್ದು 1964ರಲ್ಲಿ, ಮೂಕಪಟದ ಉಸುರು ನಿಂತು ಮೂವತ್ತು ವರುಷಗಳಾದ ಮೇಲೆ. ಅಲ್ಲಿಯ ಪಿ. ಕೆ. ನಾಯರ್ ಅವರು ಊರೂರು ತಿರುಗಿ, ಫಾಳಕೆಯವರ ಮನೆತನದವರಿಂದಲೂ ಬೇಡಿ ತಂದು, ಉಳಿದಷ್ಟನ್ನು ಉಳಿಸಿದರು. ಒಬ್ಬ ಮನುಷ್ಯನ ಹಟದಿಂದ ಇಷ್ಟಾದರೂ ಉಳಿಯಿತು.

ಇನ್ನೂ ಒಂದು ಸಂಗತಿಯನ್ನು ಮಾರ್ಚ 3ರ ಅಭಿಮಾನಿಗಳ ಮುಂದಿಡುವೆವು. ‘ಸತಿ ಸುಲೋಚನ’ದ ಪ್ರತಿಯೂ ಇಂದು ಉಳಿದಿಲ್ಲ. ಅವರು ಯಾವ ಧ್ವನಿಯನ್ನು ಹಿಡಿದು ಯುಗಾರಂಭವನ್ನು ಎಣಿಸುವರೋ ಆ ಧ್ವನಿಯನ್ನು ಇಂದು ಯಾರೂ ಕೇಳಲಾರರು. ಅದರ ಬಗೆಗೆ ನಮಗೆ ತಿಳಿದಿರುವದೆಲ್ಲ ಹಸ್ತಪತ್ರಿಕೆ, ಛಾಯಾಚಿತ್ರ, ಪತ್ರಿಕೆಯ ಜಾಹೀರಾತು, ಕಂಡವರ ನೆನಪು, ಇಷ್ಟರಿಂದಲೇ. ಮೂಕಪಟಗಳ ಬಗೆಗೆ ತಿಳಿಯುವದೂ ಇವುಗಳಿಂದಲೇ. ಎರಡಕ್ಕೂ ಇರುವ ಸಾಕ್ಷ್ಯವು ಒಂದೇ ತರದ್ದಾಗಿರಲು ಒಂದನ್ನು ಚರಿತ್ರೆಯೆಂದು ತಲೆಯ ಮೇಲೆ ಹೊತ್ತು ಇನ್ನೊಂದನ್ನು ಕಸವೆಂದು ಗುಡಿಸುವದಕ್ಕೆ ಆಧಾರವೇನು? ಮಾತಾಡಿದ್ದೂ ಈಗ ಮೂಕವೇ ಆಗಿ ಕುಳಿತಿದೆ.

ಅಂದಬಳಿಕ ನಮ್ಮ ಜಿಲ್ಲೆಯಲ್ಲಿ ಮಾಡತಕ್ಕ ಕೆಲಸವಿರುವದು. ಅದಕ್ಕೆ ಬೆಂಗಳೂರಿನ ಅಪ್ಪಣೆಯಾಗಲಿ ಪುಣೆಯ ಹಣವಾಗಲಿ ಬೇಕಾಗಿಲ್ಲ. 1918ರ ಸಿನೆಮಾಟೋಗ್ರಾಫ್ ಕಾಯದೆಯಂತೆ ಡೇರೆ ಹಾಕಿ ಪಟ ತೋರಿಸುವವನು ಜಿಲ್ಲಾ ಮ್ಯಾಜಿಸ್ಟ್ರೇಟರ ಪರವಾನಗಿ ಪಡೆಯಬೇಕಾಗಿದ್ದಿತು. 1923ರ ಮುಂಬಯಿ ಕಾಯದೆಯಂತೆ ಟಿಕೀಟಿನ ಮೇಲೆ ಮನೋರಂಜನದ ತೆರಿಗೆ ಕಟ್ಟಬೇಕಾಗಿದ್ದಿತು. ಸರಕಾರದವರಿಗೆ ಕಲೆಯ ಮೇಲೆ ಪ್ರೀತಿಯಿರಲಿಲ್ಲ. ಕಾಸಿನ ಮೇಲೆ ಇದ್ದಿತು. ಕಾಸಿನ ಪ್ರೀತಿಯು ಲೆಕ್ಕದ ಪುಸ್ತಕಗಳನ್ನು ಹುಟ್ಟಿಸುವದು. ಯಾವ ಊರಲ್ಲಿ, ಯಾವ ಜಾತ್ರೆಯಲ್ಲಿ, ಯಾರು, ಎಷ್ಟು ದಿನ ಪಟ ತೋರಿಸಿದರೆಂಬ ವಿವರವನ್ನು ಹುಡುಕಬೇಕಾದದ್ದು ಹಳೆಯ ವಿಜಾಪುರ ಜಿಲ್ಲೆಯ ಕಚೇರಿಯ ದಫ್ತರಗಳಲ್ಲಿಯೂ ಮುನಸಿಪಾಲಟಿಗಳ ಕಪಾಟುಗಳಲ್ಲಿಯೂ. ವಿಜಾಪುರದ ‘ಕರ್ನಾಟಕ ವೈಭವ’ದಂಥ ಪತ್ರಿಕೆಗಳ ಹಳೆಯ ಸಂಚಿಕೆಗಳ ಜಾಹೀರಾತಿನ ಮೂಲೆಗಳನ್ನು ನಮ್ಮ ತರುಣರು ಒಂದೊಂದಾಗಿ ನೋಡಬೇಕು. ಬನಶಂಕರಿಯ ಜಾತ್ರೆಯಲ್ಲಿ ನಾಟಕ ಕಂಪನಿಗಳು ಡೇರೆ ಹಾಕುವ ವಾಡಿಕೆಯು ಇಂದಿಗೂ ನಡೆದಿರುವದು. ಆ ಕಂಪನಿಗಳ ಹಳೆಯ ಮನೆತನಗಳಲ್ಲಿ ಪರದೆ ಬರೆದವರ, ಪೇಟಿ ನುಡಿಸಿದವರ ನೆನಪುಗಳನ್ನು ಕೇಳಿ ಬರೆದುಕೊಳ್ಳಬೇಕು. ಶಿರೂರಿನ ಗುಡಿಯ ಚಾಲುಕ್ಯ ಶಾಸನದ ಸವೆದ ಅಕ್ಷರಕ್ಕಾಗಿ ಭೂತಕನ್ನಡಿ ಹಿಡಿದು ಕೂಡ್ರುವಷ್ಟು ತಾಳ್ಮೆ ನಮ್ಮವರಲ್ಲಿ ಇದೆ. ಆ ತಾಳ್ಮೆಯ ಹತ್ತರಲ್ಲೊಂದು ಪಾಲು ಸಾಕು.

ತ್ವರೆ ಯಾಕೆಂದರೆ, ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಭಾಗವು ಮುಳುಗಿ ಜನರು ನವನಗರಕ್ಕೆ ಹೋದುದನ್ನು ನಾವೆಲ್ಲರೂ ಬಲ್ಲೆವು. ಮನೆ ಬಿಡುವಾಗ ತೊಲೆ ಬಾಗಿಲುಗಳನ್ನು ಎತ್ತಿನ ಬಂಡಿಯ ಮೇಲೆ ಹೇರುವರು. ಅಟ್ಟದ ಮೇಲಿನ ಕಾಗದದ ಗಂಟನ್ನು ರದ್ದಿಗೆ ಹಾಕುವರು. ಜಲಾಶಯದ ಮಟ್ಟವನ್ನು 524.256 ಮೀಟರಿಗೆ ಏರಿಸಬಹುದೆಂದು ಕೃಷ್ಣಾ ನ್ಯಾಯಾಧಿಕರಣವು 2010ರಲ್ಲಿ ತೀರ್ಪು ಕೊಟ್ಟಿರುವದರಿಂದ ಇನ್ನಷ್ಟು ಊರುಗಳೂ ಓಣಿಗಳೂ ಏಳತಕ್ಕವಾಗಿರುವವು. ಪ್ರತಿಯೊಂದು ಅಟ್ಟದಲ್ಲಿಯೂ ಚರಿತ್ರೆಯಿದೆಯೆಂದು ನಾವು ಹೇಳುವದಿಲ್ಲ. ಆದರೆ ಹಳೆಯ ಖಾತೆಕೀರ್ದಿ ಪುಸ್ತಕಗಳಿಗೆ ರಟ್ಟು ಕಟ್ಟುವಾಗ ಒಳಗೆ ಅಂಟಿಸುವದಕ್ಕೆ ಸಿಕ್ಕಿದ ಹಸ್ತಪತ್ರಿಕೆಗಳನ್ನೇ ಉಪಯೋಗಿಸುತ್ತಿದ್ದುದುಂಟು. ಅವನ್ನು ಒಮ್ಮೆ ಬಿಡಿಸಿ ನೋಡಿ ರದ್ದಿಗೆ ಹಾಕಿದರೆ ಯಾರ ಗಂಟೂ ಹೋಗುವದಿಲ್ಲ.

ಹೀಗೆ ಹುಡುಕುವಾಗ ಯಾರಿಗಾದರೂ ಫಿಲ್ಮಿನ ತಗಡಿನ ಡಬ್ಬಿಯೇ ದೊರೆತರೆ, ಅದನ್ನು ದೀಪದ ಹತ್ತಿರವಾಗಲಿ ಬೀಡಿ ಸೇದುವವರ ನಡುವೆಯಾಗಲಿ ತೆರೆಯಬಾರದು. ನೈಟ್ರೇಟು ಫಿಲ್ಮಿಗೆ ಕಿಡಿ ತಾಗಿದರೆ ನೀರಿನಲ್ಲಿ ಮುಳುಗಿಸಿದರೂ ಆರುವದಿಲ್ಲ. ಅಂಟಿದ ಸುರುಳಿಯನ್ನು ಎಳೆದು ಬಿಡಿಸಲೂಬಾರದು, ಬಿಸಿಲಿನಲ್ಲಿ ಒಣಗಿಸಲೂಬಾರದು. ನೆರಳಿನ ತಂಪು ಜಾಗದಲ್ಲಿ, ಮನೆಯ ಮಂದಿ ಮಲಗುವ ಕೋಣೆಗೆ ದೂರವಾಗಿ ಇರಿಸಿ, ಡಬ್ಬಿಯ ಮೇಲೆ ಯಾವ ಲಿಪಿಯಲ್ಲಿ ಏನು ಬರೆದಿದ್ದರೂ ಅಕ್ಷರ ಬಿಡದೆ ನಕಲು ಮಾಡಿಕೊಂಡು ನಮ್ಮ ಸಂಘಕ್ಕೆ ತಿಳಿಸಬೇಕು. ಪುಣೆಗೆ ಬರೆಯುವ ಕೆಲಸವನ್ನು ಸಂಘವು ನೋಡಿಕೊಳ್ಳುವದು.